ಹನ್ನೆರಡು ನಿಮಿಷ

ವಾಚ್ ರಿಪೇರಿಯವನಿಗೆ ಹೆಂಡತಿಯೆಂದರೆ ಪ್ರಾಣ. ಅವಳೋ ವ್ಯಾನ್ ಡ್ರೈವರ್. ಮಿಲ್ಲಿನಲ್ಲಿ ಹಿಟ್ಟಿನ ಮೂಟೆ ಹೇರಿಕೊಂಡು ನೂರಿಪ್ಪತ್ತು ಕಿಲೋಮೀಟರ್ ದೂರದ ಗೋದಾಮಿಗೆ ಹೋಗುವುದು, ಇಳಿಸಿ ಖಾಲಿ ಗಾಡಿಯಲ್ಲಿ ವಾಪಸ್ ಬರುವುದು ಅವಳ ದಿನದ ಕೆಲಸ. ಒಮ್ಮೆ ಊಟಕ್ಕೆ ಕೂತಾಗ, ಗೋದಾಮಿನ ಗುಮಾಸ್ತ ಬಾಯಿಬಿಟ್ಟರೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ ಅಂದುಬಿಟ್ಟಳು. ಅಷ್ಟು ಸಾಕಾಯಿತು ನೋಡಿ, ಈ ಪುಣ್ಯಾತ್ಮನ ಹೊಟ್ಟೆಗೆ ಕಿಚ್ಚು ಬಿತ್ತು. ತಾನು ಅವಳನ್ನು ಹಾಗೆ ನಗಿಸಿದ್ದು ಯಾವಾಗ ಎಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

ಮಾತಿನ ನಡುವೆ ಏನೂ ಗೊತ್ತಿಲ್ಲದವನ ಹಾಗೆ ಗಾಡಿಯ ವೇಗ ಕೇಳಿದ. ಲೋಡ್ ಇದ್ದಾಗ ಗಂಟೆಗೆ ನಲವತ್ತು, ಖಾಲಿ ಇದ್ದಾಗ ಅರವತ್ತು ಎಂದಳು. ನಲವತ್ತಕ್ಕೆ ಅರವತ್ತು ಕೂಡಿಸಿ ಅರ್ಧ ಮಾಡಿದ: ಸರಾಸರಿ ಐವತ್ತು. ಹೋಗಿ ಬರುವ ಇನ್ನೂರ ನಲವತ್ತು ಕಿಲೋಮೀಟರಿಗೆ ನಾಲ್ಕು ಗಂಟೆ ನಲವತ್ತೆಂಟು ನಿಮಿಷ. ಅವಳ ಟ್ರಿಪ್ ಶೀಟು ಕದ್ದು ನೋಡಿದರೆ, ಮೂಟೆ ಇಳಿಸುವ ಹೊತ್ತು ಬಿಟ್ಟು ದಿನವೂ ಐದು ಗಂಟೆ! ಸೆಕೆಂಡ್ ಮುಳ್ಳು ತಡವರಿಸಿದರೂ ಪತ್ತೆ ಹಚ್ಚುವವನಿಗೆ ಹನ್ನೆರಡು ನಿಮಿಷ ಸಣ್ಣದೇ? ಗುಮಾಸ್ತನ ಜೊತೆ ನಗಲಿಕ್ಕೆ ಹನ್ನೆರಡು ನಿಮಿಷ ಧಾರಾಳವಾಯಿತು ಎಂದು ಒಳಗೊಳಗೇ ಕುದಿದ. ಮೂರು ತಿಂಗಳು ಮುಖ ಊದಿಸಿಕೊಂಡೇ ತಿರುಗಿದ. ಅವಳು ಏನಾಯಿತೆಂದು ಕೇಳಿದಾಗಲೆಲ್ಲ ತಲೆನೋವು ಎಂದ.

ಕೊನೆಗೆ ಒಂದು ಸಂಜೆ ತಡೆಯಲಾಗದೆ ಕೇಳಿಯೇಬಿಟ್ಟ: "ದಿನಾ ಹನ್ನೆರಡು ನಿಮಿಷ ಆ ಗುಮಾಸ್ತನ ಹತ್ರ ಏನು ಮಾಡ್ತೀಯ?"

ಅವಳಿಗೆ ತಲೆಬುಡ ತಿಳಿಯಲಿಲ್ಲ. ಅವನು ಲೆಕ್ಕದ ಚೀಟಿ ಮುಂದಿಟ್ಟ. ಓದಿ ಮುಗಿಸುವಷ್ಟರಲ್ಲಿ ಅವಳ ಮುಖದ ಬಣ್ಣವೇ ಇಳಿದಿತ್ತು.

"ನಲವತ್ತರಲ್ಲಿ ಹೋಗೋಕೆ ಎಷ್ಟು ಹೊತ್ತು?" ಎಂದಳು.

"ಮೂರು ಗಂಟೆ."

"ಅರವತ್ತರಲ್ಲಿ ಬರೋಕೆ?"

"ಎರಡು..." ಅವನು ಬೆರಳು ಮಡಚಿ ಎಣಿಸಿದ. ಮೂರೂ ಎರಡೂ ಐದು. ನಿಧಾನದ ದಾರಿಯಲ್ಲೇ ಹೆಚ್ಚು ಹೊತ್ತು ಕಳೆದ ಮೇಲೆ ಸರಾಸರಿ ಐವತ್ತು ಹೇಗಾದೀತು? ನಲವತ್ತೆಂಟೇ. ಥೂ ನನ್ನ ಬುದ್ಧಿಗಿಷ್ಟು ಎಂದುಕೊಂಡ.

ಲೆಕ್ಕ ತಪ್ಪಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಗೋಗರೆದ.

"ಲೆಕ್ಕ ತಪ್ಪಿದ್ದಕ್ಕೆ ನಂಗೇನೂ ಬೇಜಾರಿಲ್ಲ. ಮೂರು ತಿಂಗಳು ನನ್ನ ಪಕ್ಕದಲ್ಲೇ ಕೂತು ಲೆಕ್ಕ ಹಾಕಿದ್ರಲ್ಲ, ಅದಕ್ಕೆ," ಎಂದು ಅವಳು ಎದ್ದು ಹೋದಳು.

ಮರುದಿನ ಅವಳು ಬಂದದ್ದು ಒಂದು ಗಂಟೆ ತಡವಾಗಿ. ಕೈಕಾಲು ತೊಳೆದು ತಟ್ಟೆ ಹಾಕಿದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲು ಅವನ ಜೀವ ಒದ್ದಾಡಿತು, ಕೇಳುವ ಮುಖವಿರಲಿಲ್ಲ.