ರಾಜ ನೆಟ್ಟಗೆ, ಹಡಗು ತಲೆಕೆಳಗೆ

ಸಮಸ್ತರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಪುಸ್ತಕ ಹೊಲಿಯುವ ಬೈಂಡರ ಅಂಗಿಯ ಎರಡನೆಯ ಗುಂಡಿಯು ಭಾನುವಾರ ಬೆಳಿಗ್ಗೆ ಪತ್ರಿಕೆ ಓದುವ ವೇಳೆಯಲ್ಲಿ, ಹೊಟ್ಟೆಯ ಒತ್ತಡ ತಾಳಲಾರದೆ, ತನ್ನ ಸ್ಥಾನಕ್ಕೆ ರಾಜೀನಾಮೆ ಸಲ್ಲಿಸಿತು. ತೆರವಾದ ಸ್ಥಾನಕ್ಕೆ ಯೋಗ್ಯ ಅಭ್ಯರ್ಥಿಯನ್ನು ಹುಡುಕಲೆಂದು ಅವರ ಹೆಂಡತಿ ಗುಂಡಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. ಸಂದರ್ಶನಕ್ಕೆ ಬಂದವರಲ್ಲಿ ತೂತೇ ಇಲ್ಲದ, ಮೈಯೆಲ್ಲ ಕಪ್ಪಿಟ್ಟ, ಗುಂಡಗಿನ ಆಸಾಮಿಯೊಬ್ಬನಿದ್ದ. ಅವನು ಗುಂಡಿಯಲ್ಲ, ಬೆಳ್ಳಿ ನಾಣ್ಯ.

"ಅಯ್ಯೋ, ನಮ್ಮಜ್ಜಿದು!" ಎಂದಳು ಹೆಂಡತಿ. "ಸೆರಗಿಗೆ ಗಂಟು ಹಾಕ್ಕೊಂಡು ಓಡಾಡ್ತಿದ್ಲು. ಎಲ್ಲಿ ಹೋಯ್ತು ಅಂತ ಎಷ್ಟು ಹುಡುಕಿದ್ದೆ."

ಆಕೆಯ ತಮ್ಮ ಅಲ್ಲೇ ಕೂತಿದ್ದ. ಔಷಧಿ ಅಂಗಡಿಯಲ್ಲಿ ಅವನ ಕೆಲಸ. ಯಾರು ಏನು ಹೇಳಹೊರಟರೂ ಅವರ ಬಾಯಿ ಮುಚ್ಚುವ ಮೊದಲೇ "ಗೊತ್ತು, ಗೊತ್ತು" ಎನ್ನುತ್ತಿದ್ದುದರಿಂದ ಊರೆಲ್ಲ ಅವನನ್ನು ಗೊತ್ತಪ್ಪ ಎಂದೇ ಕರೆಯುತ್ತಿತ್ತು.

"ಹಲ್ಲುಜ್ಜೋ ಪೇಸ್ಟ್ ತಗೊಂಡು ಬಾ ಅಕ್ಕ. ಎರಡು ನಿಮಿಷದಲ್ಲಿ ಫಳಫಳ ಅನ್ಸ್ತೀನಿ."

"ಮುಟ್ಟಬೇಡ!" ಬೈಂಡರು ಮೇಜು ಗುದ್ದಿದರು. ಉಳಿದ ಗುಂಡಿಗಳೆಲ್ಲ ಎದ್ದು ನಿಂತು ಕೂತವು. "ಉಜ್ಜಿದ್ರೆ ಸತ್ತ ಹಾಗೆ. ಆ ಕಪ್ಪೇ ಅದರ ಚರ್ಮ. ಚರ್ಮ ಸುಲಿದ ನಾಣ್ಯ ಕಂಡ್ರೆ ಸಂಗ್ರಹ ಮಾಡೋರು ಮೂಗು ಮುಚ್ಕೊಳ್ತಾರೆ."

ಬೈಂಡರಿಗೆ ಇದು ಹೇಗೆ ತಿಳಿಯಿತೆಂದರೆ, ಅವರು ಹೊಲಿಯುವ ಮುನ್ನ ಓದುವವರು. ವೈದ್ಯಪುಸ್ತಕ ಬೈಂಡಿಗೆ ಬಂದ ತಿಂಗಳು ಅವರಿಗೆ ಮೂತ್ರಪಿಂಡದ ಬಗ್ಗೆ ಭಯವಿತ್ತು. ಕಾನೂನಿನ ಪುಸ್ತಕ ಬಂದ ತಿಂಗಳು ಪಕ್ಕದ ಮನೆಯವರಿಗೆ ಇವರ ಬಗ್ಗೆ ಭಯವಿತ್ತು. ಕಳೆದ ತಿಂಗಳು ಬಂದದ್ದು ಹಳೆ ನಾಣ್ಯಗಳ ಒಂದು ದಪ್ಪ ಕೈಪಿಡಿ.

"ಎಷ್ಟು ಹಳೇದೋ ಅಷ್ಟು ಬೆಲೆ. ಗೊತ್ತು ಗೊತ್ತು," ಎಂದ ಗೊತ್ತಪ್ಪ.

"ಏನೂ ಗೊತ್ತಿಲ್ಲ ನಿಂಗೆ. ಸಾವಿರ ವರ್ಷದ್ದು ಸಂತೇಲಿ ಸಿಗುತ್ತೆ, ನಿನ್ನೆ ಮೊನ್ನೆದಕ್ಕೆ ಜನ ಹೊಡೆದಾಡ್ತಾರೆ."

"ಹಳೇದಕ್ಕೆಲ್ಲ ಬೆಲೆ ಬರೋ ಹಾಗಿದ್ರೆ ನಿಮ್ಮನ್ನ ಯಾವತ್ತೋ ಮಾರ್ತಿದ್ದೆ," ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

ಬೈಂಡರು ಕೇಳಿಸಿಕೊಳ್ಳದವರಂತೆ ವಿವರಿಸಿದರು. ಬೆಳ್ಳಿಗೆ ತೂಕದ ಬೆಲೆ ಇದ್ದೇ ಇದೆ, ಅದು ನೆಲ. ಅದಕ್ಕಿಂತ ಕೆಳಗೆ ಯಾವ ನಾಣ್ಯವೂ ಇಳಿಯುವುದಿಲ್ಲ. ನೆಲದ ಮೇಲೆ ಮಹಡಿ ಏಳಬೇಕಾದರೆ ಬೇರೆ ಲೆಕ್ಕ. ನಾಣ್ಯದ ಮೇಲಿರುವ ವರ್ಷ ಟಂಕಸಾಲೆಯಲ್ಲಿ ಎಷ್ಟು ಅಚ್ಚಾದವು ಎಂಬುದೊಂದು. ಅಚ್ಚಾದದ್ದರಲ್ಲಿ ಎಷ್ಟು ಕುಲುಮೆಗೆ ಬೀಳದೆ ಉಳಿದವು ಎಂಬುದು ಅದಕ್ಕಿಂತ ದೊಡ್ಡದು. ರಾಜನ ಮುಖದ ಉಬ್ಬುಗಳು, ಎಂದರೆ ಹುಬ್ಬು, ಕಿವಿ, ಮೂಗಿನ ತುದಿ ಎಷ್ಟು ಸವೆದಿವೆ? ಮುಖ ಸವೆದ ರಾಜನಿಗೆ ತೂಕದಷ್ಟೇ ಮರ್ಯಾದೆ. ಜೊತೆಗೆ, ಬೇಕು ಎನ್ನುವವನೊಬ್ಬ ಇರಬೇಕು. ಜಗತ್ತಿನಲ್ಲಿ ಒಂದೇ ಒಂದು ಇದ್ದು ಯಾರಿಗೂ ಬೇಡವಾದರೆ ಅದು ಅಪರೂಪವಲ್ಲ, ಅನಾಥ.

ಹೀಗೆ ಹೇಳುತ್ತ ಅವರು ರಾಜನನ್ನು ನೆಟ್ಟಗೆ ಹಿಡಿದು, ಹಿಂಬದಿ ನೋಡಲೆಂದು ನಾಣ್ಯವನ್ನು ತಿರುವಿದರು.

ಹಿಂಬದಿಯಲ್ಲಿ ಒಂದು ಹಡಗಿತ್ತು. ಹಡಗಿನ ಕಂಬ ನೆಲ ನೋಡುತ್ತಿತ್ತು, ತಳ ಆಕಾಶ ನೋಡುತ್ತಿತ್ತು.

ಮತ್ತೆ ತಿರುವಿದರು. ರಾಜ ನೆಟ್ಟಗಿದ್ದ. ಮತ್ತೆ ತಿರುವಿದರು. ಹಡಗು ಮುಳುಗಿತ್ತು. ಜೇಬಿನಲ್ಲಿದ್ದ ಚಿಲ್ಲರೆಯನ್ನೆಲ್ಲ ಹೊರಗೆ ತೆಗೆದು ಒಂದೊಂದನ್ನೇ ಹಾಗೆಯೇ ತಿರುವಿ ನೋಡಿದರು. ಎಲ್ಲವೂ ಹಿಂದೆಯೂ ಮುಂದೆಯೂ ನೆಟ್ಟಗೇ ಇದ್ದವು. ಗೊತ್ತಪ್ಪನ ಜೇಬಿನವೂ ನೆಟ್ಟಗಿದ್ದವು, ಅವನನ್ನು ನೋಡಿದರೆ ನಂಬುವುದು ಕಷ್ಟವಾದರೂ.

"ಅಚ್ಚು ತಪ್ಪಿದೆ ಕಣೇ," ಎಂದರು ಬೈಂಡರು. ದನಿ ಪಿಸುಗುಟ್ಟುವಷ್ಟಕ್ಕೆ ಇಳಿದಿತ್ತು. "ಕೈಪಿಡೀಲಿ ಓದಿದ್ದೀನಿ. ತಪ್ಪು ಬಿದ್ದ ನಾಣ್ಯಕ್ಕೆ ಸರಿಯಾದ್ದಕ್ಕಿಂತ ನೂರು ಪಟ್ಟು!"

ಅವರ ಕಣ್ಣಲ್ಲಿ ನೀರಾಡಿದ್ದಕ್ಕೆ ಕಾರಣವಿತ್ತು. ಒಮ್ಮೆ ನ್ಯಾಯಾಧೀಶರೊಬ್ಬರ ಪುಸ್ತಕದಲ್ಲಿ ಒಂದು ಅಧ್ಯಾಯವನ್ನು ತಲೆಕೆಳಗಾಗಿ ಹೊಲಿದು, ಛೀಮಾರಿ ಹಾಕಿಸಿಕೊಂಡು, ಇಡೀ ಪುಸ್ತಕ ಬಿಚ್ಚಿ ಮತ್ತೆ ಹೊಲಿದಿದ್ದರು. ಅದೇ ತಪ್ಪನ್ನು ಟಂಕಸಾಲೆಯವನು ಮಾಡಿದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೇಲಿಂದ ಬೆಳಕು ಬಿಡುತ್ತಾರೆ! ತಾನು ಇಷ್ಟು ವರ್ಷ ತಪ್ಪು ಉದ್ಯೋಗದಲ್ಲಿ ತಪ್ಪು ಮಾಡುತ್ತ ಬಂದೆನಲ್ಲ ಎಂದು ಅವರ ಹೊಟ್ಟೆ ಉರಿಯಿತು.

ಆದರೆ ನಿಜವಾಗಿ ಉರಿಯುತ್ತಿದ್ದದ್ದು ಅವರ ಮಣಿಕಟ್ಟು. ಕಾಗದದ ಅಂಚನ್ನು ಕೈಕತ್ತಿಯಿಂದಲೇ ಒತ್ತಿ ಒತ್ತಿ ಕತ್ತರಿಸಿ ಅದು ಊದಿಕೊಂಡಿತ್ತು. ಈಚೆಗೆ ಲೋಟವನ್ನೂ ಎಡಗೈಯಿಂದಲೇ ಎತ್ತುತ್ತಿದ್ದರು. ಮುಚ್ಚಿಹೋಗುತ್ತಿದ್ದ ಒಂದು ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಯಂತ್ರವೊಂದು ಮಾರಾಟಕ್ಕಿತ್ತು. ಮಾಲೀಕ ಶನಿವಾರದವರೆಗೆ ಕಾಯುತ್ತೇನೆ ಎಂದಿದ್ದ. ನಾಣ್ಯ ಮಾರಿ ಆ ಯಂತ್ರ ತಂದರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಕತ್ತಿ ಕೆಳಗಿಡಬೇಕು.

ಹೆಂಡತಿ ಇದೆಲ್ಲ ಬಲ್ಲಳು. ದಿನಾ ಆ ಕೈಗೆ ಬಿಸಿಬಟ್ಟೆ ಕಟ್ಟುವವಳು ಅವಳೇ. ಆದರೂ ಅಜ್ಜಿಯ ಗಂಟು ಅಷ್ಟು ಸುಲಭಕ್ಕೆ ಬಿಚ್ಚುವಂಥದ್ದಲ್ಲ.

"ಒಂದು ಮಾತು. ಇಟ್ಕೊಂಡು ನೋಡೋರಿಗಾದ್ರೆ ಕೊಡ್ತೀನಿ. ತೂಕಕ್ಕೆ ಕೇಳಿದ್ರೆ ಇಲ್ಲ. ತೂಕಕ್ಕೆ ತಗೊಳ್ಳೋರು ಕರಗಿಸ್ತಾರೆ. ಅಜ್ಜೀನ ಕುಲುಮೆಗೆ ಹಾಕೋಕೆ ನನ್ನ ಕೈಲಿ ಆಗಲ್ಲ."

"ತೂಕ ಯಾರು ಕೇಳ್ತಾರೆ? ಇಂಥದ್ದಕ್ಕೆ ತಕ್ಕಡೀನೇ ನಾಚ್ಕೊಳ್ಳುತ್ತೆ!"

ಅಲ್ಲಿಂದ ಮಹಾಯೋಜನೆ ಶುರುವಾಯಿತು. ಯಂತ್ರ ಒಳಗೆ ಬರಲು ಅಂಗಡಿಯ ಬಾಗಿಲು ಕಿರಿದೆಂದು ಬೈಂಡರು ಬಾಗಿಲನ್ನೇ ಕೀಲಿನಿಂದ ಇಳಿಸಿದರು. ನಾಯಿಯೊಂದು ಬಂದು ಹೊಸ ಕಾನೂನು ಸಂಪುಟದ ಮೇಲೆ ಮಲಗಿತು. ಗೊತ್ತಪ್ಪ ತನ್ನನ್ನು ತಾನೇ ವ್ಯವಸ್ಥಾಪಕನನ್ನಾಗಿ ನೇಮಿಸಿಕೊಂಡ.

ಬುಧವಾರ ಮೂವರೂ ನಾಣ್ಯದಂಗಡಿಗೆ ಹೋದರು. ಅದು ಮೆಟ್ಟಿಲ ಕೆಳಗಿನ ಸಣ್ಣ ಕೋಣೆ; ಗೋಡೆಯ ತುಂಬ ತೆಳು ಖಾನೆಗಳು. ಒಡತಿ ನರೆಗೂದಲಿನ ಹೆಂಗಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಆಕೆ ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು ದೀಪದ ಕೆಳಗೆ ಓರೆ ಮಾಡಿದಳು.

"ಉಜ್ಜಿಲ್ಲ. ಪುಣ್ಯಾತ್ಮರು."

ಬೈಂಡರು ಗೊತ್ತಪ್ಪನ ಕಡೆ ನೋಡಿದರು. ಗೊತ್ತಪ್ಪ ಛಾವಣಿ ನೋಡಿದ.

"ಬೆಳ್ಳಿ ಅಸಲಿ. ಆದ್ರೆ ಈ ಇಸವಿದು ರಾಶಿ ರಾಶಿ ಅಚ್ಚು ಹಾಕಿದ್ರು, ರಾಶಿ ರಾಶಿ ಉಳ್ಕೊಂಡೂ ಇದೆ. ಹುಬ್ಬು ಹೋಗಿದೆ. ಕಿವಿ ಇದ್ದೂ ಇಲ್ಲದ ಹಾಗೆ."

"ರಾಜರಿಗೆ ಕಿವಿ ಇದ್ದದ್ದು ಯಾವಾಗ?" ಎಂದರು ಬೈಂಡರು. ತುರುಫಿನ ಎಲೆ ಕೈಯಲ್ಲಿದ್ದವರ ನೆಮ್ಮದಿ ಅವರದು. "ನೀವು ಹಿಂದುಗಡೆ ನೋಡಿ."

ಆಕೆ ತಿರುಗಿಸಿದಳು. "ಹ್ಞೂಂ. ಹಡಗು ಪರವಾಗಿಲ್ಲ, ರಾಜನಿಗಿಂತ ಚೆನ್ನಾಗಿದೆ."

"ತಲೆಕೆಳಗಿದೆ!"

"ನೆಟ್ಟಗಿದೆಯಲ್ಲ."

ಬೈಂಡರು ನಾಣ್ಯ ತೆಗೆದುಕೊಂಡು ತಿರುವಿದರು. ತಲೆಕೆಳಗು. ಆಕೆ ತೆಗೆದುಕೊಂಡು ತಿರುಗಿಸಿದಳು. ನೆಟ್ಟಗೆ. ಬೈಂಡರು, ತಲೆಕೆಳಗು. ಆಕೆ, ನೆಟ್ಟಗೆ. ಗೊತ್ತಪ್ಪನ ಕತ್ತು ಚೆಂಡಾಟ ನೋಡುವವನಂತೆ ಆ ಕಡೆ ಈ ಕಡೆ ಆಡಿತು. ಜೀವಮಾನದಲ್ಲೇ ಮೊದಲ ಸಲ ಅವನು "ಗೊತ್ತಾಗ್ಲಿಲ್ಲ" ಎಂದ.

ಒಡತಿ ಬೈಂಡರ ಕೈಯನ್ನೇ ದಿಟ್ಟಿಸಿದಳು. "ನೀವು ಏನು ಕೆಲಸ ಮಾಡ್ತೀರಿ?"

"ಬುಕ್ ಬೈಂಡಿಂಗು."

"ಅದಕ್ಕೇ! ನೀವು ಪುಟ ತಿರುವೋ ಹಾಗೆ ಪಕ್ಕಕ್ಕೆ ತಿರುವ್ತಿದ್ದೀರಿ. ಗೋಡೆ ಕ್ಯಾಲೆಂಡರಿನ ಹಾಳೆ ಎತ್ತೋ ಹಾಗೆ ಕೆಳಗಿಂದ ಮೇಲಕ್ಕೆ ಎತ್ತಿ. ಹಾಂ, ಈಗ? ಆ ಕಾಲದಲ್ಲಿ ಅಚ್ಚು ಕೂರಿಸ್ತಿದ್ದದ್ದೇ ಹೀಗೆ. ಈಗಿನ ಚಿಲ್ಲರೆಗೆ ಪುಟದ ಕ್ರಮ, ಆಗಿನದಕ್ಕೆ ಕ್ಯಾಲೆಂಡರ್ ಕ್ರಮ. ಆ ರಾಜನ ಕಾಲದ್ದು ಪ್ರತಿಯೊಂದೂ ಹೀಗೇ ಇರುತ್ತೆ."

ಬೈಂಡರು ನಿಧಾನಕ್ಕೆ ಎತ್ತಿ ನೋಡಿದರು. ಹಡಗು ನೆಟ್ಟಗೆ ತೇಲಿತು.

"ಕೈಪಿಡೀಲಿ ಇದು ಇರ್ಲಿಲ್ಲ."

"ಬಾಗಿಲು ತೆಗೆಯೋದು ಹೇಗೆ ಅಂತ ಮನೆ ಮೇಲೆ ಬರೀತಾರಾ? ನಾಣ್ಯ ಹಿಡಿಯೋರಿಗೆಲ್ಲ ಗೊತ್ತಿರುತ್ತೆ ಅಂದ್ಕೊಂಡಿರ್ತಾರೆ." ಒಡತಿಯ ದನಿ ಮೆತ್ತಗಾಯಿತು. "ನೀವು ಪುಟದ ಹಾಗೆ ತಿರುವಿದಾಗ ನೆಟ್ಟಗೆ ಕಂಡಿದ್ರೆ, ಆಗ ಅದು ತಪ್ಪು ಬಿದ್ದ ನಾಣ್ಯ. ಅಂಥದ್ದು ತಂದಿದ್ರೆ ಈ ಖಾನೆಗಳನ್ನೆಲ್ಲ ನಿಮಗೆ ಬರೆದುಕೊಡ್ತಿದ್ದೆ."

"ಅಂದ್ರೆ ನಮ್ಮದು ಸರಿಯಾಗಿದೆ?"

"ಬಹಳ ಸರಿಯಾಗಿದೆ. ಅದೇ ತೊಂದರೆ."

ಆಕೆ ನಾಣ್ಯವನ್ನು ತಕ್ಕಡಿಯಲ್ಲಿಟ್ಟು ಬೆಳ್ಳಿಯ ಬೆಲೆ ಹೇಳಿದಳು. ಅದು ಯಂತ್ರದ ಹಿಡಿಗೂ ಸಾಲದು.

"ತಗೊಂಡು ಏನು ಮಾಡ್ತೀರಿ?" ಎಂದು ಕೇಳಿದಳು ಬೈಂಡರ ಹೆಂಡತಿ.

ಒಡತಿ ಸುಳ್ಳು ಹೇಳಲಿಲ್ಲ. ಕಾಲ ಬಳಿಯ ತಗಡಿನ ಡಬ್ಬ ತೋರಿಸಿದಳು. ಅದರ ತುಂಬ ಹುಬ್ಬಿಲ್ಲದ ರಾಜರು. "ತುಂಬಿದ ಮೇಲೆ ಕರಗಿಸೋಕೆ ಕಳಿಸ್ತೀನಿ ತಾಯಿ."

ಹೆಂಡತಿ ಗಂಡನ ಊದಿದ ಮಣಿಕಟ್ಟನ್ನೊಮ್ಮೆ ನೋಡಿದಳು. ತಕ್ಕಡಿಯನ್ನೊಮ್ಮೆ ನೋಡಿದಳು. ಸೆರಗಿನ ತುದಿಗೆ ಗಂಟು ಹಾಕಿದಳು, ಬಿಚ್ಚಿದಳು. ಬೈಂಡರೇ ಕೈ ಚಾಚಿ ನಾಣ್ಯ ತೆಗೆದು ಅವಳ ಅಂಗೈಗಿಟ್ಟು ಬೆರಳು ಮಡಚಿದರು. ಆದರೆ ಓದುವ ಚಟದವರಲ್ಲವೇ, ಹೊರಡುವ ಮುನ್ನ ಕುತೂಹಲ ತಡೆಯಲಾಗಲಿಲ್ಲ.

"ಅಮ್ಮಾ, ಎಲ್ಲರೂ ಹೀಗೆ ಕರಗಿಸ್ತಾ ಹೋದ್ರೆ ಒಂದಲ್ಲ ಒಂದಿನ ಇದೂ ಅಪರೂಪ ಆಗಲೇಬೇಕಲ್ಲ?"

"ಆಗೇ ಆಗುತ್ತೆ," ಎಂದಳು ಒಡತಿ. "ಇನ್ನೊಂದು ನೂರು ವರ್ಷ ಕಾಯಿರಿ."

"ನಾನು ಕಾಯ್ತೀನಿ," ಎಂದರು ಬೈಂಡರು. "ಯಂತ್ರದವನು ಶನಿವಾರದ ತನಕ ಮಾತ್ರ ಕಾಯ್ತಾನಂತೆ."