ಹನ್ನೆರಡನೆಯ ಸೆಕೆಂಡು

ಪರದೆಯ ಅಂಚು ಮಡಚಿ ಹೊಲಿಯುತ್ತಿದ್ದಾಗ ಕೆಳಗೆ ಬೀದಿಯಲ್ಲಿ ಶಾಲೆಯ ವ್ಯಾನು ಗಕ್ಕನೆ ನಿಂತ ಸದ್ದಾಯಿತು. ಬೀದಿಯವರೆಲ್ಲ ಹೊಲಿಗೆಯಕ್ಕ ಎಂದು ಕರೆಯುವ ಆಕೆ ಮಿಷನ್ನಿನಿಂದ ಕಾಲು ತೆಗೆದು ಕಿಟಕಿಯಲ್ಲಿ ಬಗ್ಗಿ ನೋಡಿದಳು. ವ್ಯಾನಿನ ಡ್ರೈವರು, ಐವತ್ತು ದಾಟಿದ ದಪ್ಪನೆಯ ಆಳು, ಹಿಂದಿನ ಬಾಗಿಲು ತೆಗೆದು ಆರೇಳು ವರ್ಷದ ಹುಡುಗಿಯೊಬ್ಬಳನ್ನು ರಟ್ಟೆ ಹಿಡಿದು ಹೊರಗೆಳೆದ. ಮಗುವನ್ನು ತೊಡೆಯ ಮೇಲೆ ಬಗ್ಗಿಸಿಕೊಂಡು ಬೆನ್ನಿಗೆ ಒಂದು ಏಟು ಹಾಕಿದ. ಇನ್ನೊಂದು. ಮತ್ತೊಂದು.

ಎರಡನೆಯ ಮಹಡಿಯಿಂದ ಕೂಗಿದ್ದರೆ ಕೇಳಿಸುತ್ತಿತ್ತು. ಆಕೆ ಕೂಗಲಿಲ್ಲ. ಕೈಗೆ ಮೊದಲು ಬಂದದ್ದು ಫೋನು. ಹನ್ನೊಂದು ಸೆಕೆಂಡು ವಿಡಿಯೋ ಹಿಡಿದಳು. ಅದೇ ಸಿಟ್ಟಿನಲ್ಲಿ 'ನಮ್ಮ ಮಕ್ಕಳನ್ನು ಎಂಥವರ ಕೈಗೆ ಕೊಡ್ತಿದ್ದೀವಿ ನೋಡಿ' ಎಂದು ಬರೆದು ಬೀದಿಯವರ ಗ್ರೂಪಿಗೆ ಹಾಕಿದಳು. ಹಾಕಿದ್ದೇ ತಡ, ಉತ್ತರಗಳು ಒಂದರ ಮೇಲೊಂದು ಬೀಳತೊಡಗಿದವು. ಅವನ್ನು ಓದುವ ಗಡಿಬಿಡಿಯಲ್ಲಿ ಮತ್ತೆ ಕಿಟಕಿಯತ್ತ ತಿರುಗಲೇ ಇಲ್ಲ.

ಸಂಜೆ ಆರಕ್ಕೆ ಅದು ಟೀವಿಯಲ್ಲಿತ್ತು. ಡ್ರೈವರನ ಕೈಯ ಸುತ್ತ ಕೆಂಪು ಉಂಗುರ, ಪ್ರತಿ ಏಟಿಗೂ ಢಮ್ ಎಂಬ ಸದ್ದು. ಆ ಸದ್ದು ತಾನು ಹಿಡಿದದ್ದರಲ್ಲಿ ಇರಲಿಲ್ಲವಲ್ಲ ಎಂದು ಆಕೆಗೆ ಒಂದು ಕ್ಷಣ ಅನಿಸಿತು. ಅಷ್ಟರಲ್ಲಿ ಲಿಫ್ಟ್ ರಿಪೇರಿ ಕೆಲಸದಿಂದ ಬಂದ ಗಂಡ ಚಪ್ಪಲಿ ಬಿಡುತ್ತಲೇ, "ಇದು ನೀನು ತೆಗೆದಿದ್ದಾ? ಹೋದ ಕಡೆಯೆಲ್ಲ ಇದೇ ಮಾತು" ಎಂದ. ಅನಿಸಿದ್ದು ಅಲ್ಲಿಗೇ ಕರಗಿತು. ಟೀವಿಯವರು ಮಗುವಿನ ತಾಯಿಯನ್ನೂ ತೋರಿಸಿದರು. ಔಷಧಿ ಅಂಗಡಿಯ ಬಿಳಿ ಕೋಟಿನಲ್ಲೇ ನಿಂತು ಅಳುತ್ತ, "ಅವನ ಕೈ ಮುರೀಬೇಕು" ಎನ್ನುತ್ತಿದ್ದಳು. ಊಟದ ಹೊತ್ತಿಗೆ ಡ್ರೈವರನ್ನು ಪೊಲೀಸರು ಕರೆದೊಯ್ದ ಸುದ್ದಿ ಬಂತು. ಹಿಂದೆಯೇ ಶಾಲೆಯವರು ಅವನನ್ನು ಕೆಲಸದಿಂದ ತೆಗೆದ ಸುದ್ದಿಯೂ ಬಂತು. ಒಂದು ಒಳ್ಳೆಯ ಕೆಲಸವಾಯಿತೆಂಬ ಸಮಾಧಾನದಲ್ಲಿ ಹೊಲಿಗೆಯಕ್ಕ ಮಲಗಿದಳು.

ಮರುದಿನ ಬೆಳಿಗ್ಗೆ ಚಾನೆಲ್ಲಿನ ವರದಿಗಾರ ಫೋನ್ ಮಾಡಿದ. ಹನ್ನೊಂದಕ್ಕೆ ನೇರ ಪ್ರಸಾರ, ಕಣ್ಣಾರೆ ಕಂಡವರು ಮಾತಾಡಬೇಕು, ಕೆಳಗೆ ಕಾಯುತ್ತೇನೆ ಎಂದ. ಆಕೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮಗುವಿನ ತಾಯಿ. ಕಣ್ಣುಗಳು ಊದಿಕೊಂಡಿದ್ದವು.

"ವಿಡಿಯೋ ತೆಗೆದಿದ್ದು ನೀವೇ ಅಂತೆ. ಅದರ ಮುಂದಿನದು ಇದೆಯಾ ಅಕ್ಕ?"

"ಮುಂದಿನದು ಅಂದ್ರೆ?"

ತಾಯಿ ಅಂಗೈ ಬಿಚ್ಚಿದಳು. ಸ್ಕೆಚ್ ಪೆನ್ನಿನ ನೀಲಿ ಮುಚ್ಚಳ. "ಇದು ನನ್ನ ಮಗಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಬಾಯಿಗೆ ಹಾಕ್ಬೇಡ ಅಂತ ದಿನಾ ಬೈತಿದ್ದೆ. ಮತ್ತೆ ಬೈತೀನಿ ಅಂತ ನಿನ್ನೆಯೆಲ್ಲ ತುಟಿ ಬಿಚ್ಚಲಿಲ್ಲ. ಇವತ್ತು ಬೆಳಿಗ್ಗೆ ಹೇಳಿದ್ಲು, ಉಸಿರೇ ಬರ್ತಿರ್ಲಿಲ್ಲ ಅಮ್ಮ, ಅಂಕಲ್ ಹೊಡೆದಾಗ ಹೊರಗೆ ಬಿತ್ತು ಅಂತ. ಬ್ಯಾಗಲ್ಲಿ ಬಚ್ಚಿಟ್ಟಿದ್ದ ಇದನ್ನ ತೆಗೆದು ಕೊಟ್ಲು. ಡಾಕ್ಟರಿಗೆ ತೋರಿಸ್ದೆ. ಗಂಟಲಲ್ಲಿ ಗೀರಿದೆ. ಹಾಗೆ ಬಗ್ಗಿಸಿ ಹೊಡೀದೇ ಇದ್ದಿದ್ರೆ ಮಗು ಕೈಗೆ ಸಿಗ್ತಿರ್ಲಿಲ್ಲ ಅಂದ್ರು."

ಹೊಲಿಗೆಯಕ್ಕ ಕೈಯಲ್ಲಿದ್ದ ಬಾಚಣಿಗೆ ಹಿಡಿದುಕೊಂಡೇ ಕುರ್ಚಿಯಲ್ಲಿ ಕುಸಿದಳು.

"ಹಾಗಿದ್ರೆ ಆ ಮನುಷ್ಯ ಹೇಳ್ಬೇಕಿತ್ತಲ್ಲ?" ಎಂದ ಗಂಡ.

"ಹೇಳೋಕೆ ನಾನು ಬಿಡ್ಲಿಲ್ಲ ಅಣ್ಣ. ಮಗುನ ಪಕ್ಕದ ಮನೆಯಲ್ಲಿ ಬಿಟ್ಟು ನನಗೆ ಆರು ಸಲ ಫೋನ್ ಮಾಡಿದ್ರು. ಅಷ್ಟರಲ್ಲಿ ವಿಡಿಯೋ ಬಂದಿತ್ತು. ಆರು ಸಲಾನೂ ಕಟ್ ಮಾಡ್ದೆ. ಕೈಮುಗೀಬೇಕಾದವರಿಗೆ ಟೀವಿ ಮುಂದೆ ಶಾಪ ಹಾಕ್ದೆ. ಈಗ ಶಾಲೆಗೆ ಹೋದ್ರೆ ವಿಷಯ ನಮ್ಮ ಕೈ ಮೀರಿದೆ ಅಂತಾರೆ. ಚಾನೆಲ್ಲಿಗೆ ಫೋನ್ ಮಾಡಿದ್ರೆ, ನಿಮ್ಮನ್ನ ಯಾರಾದ್ರೂ ಹೆದರಿಸ್ತಿದಾರಾ ಮೇಡಂ ಅಂತ ಕೇಳ್ತಾರೆ. ಪೊಲೀಸರು ಅವರ ಮಾತು ನಂಬದೆ, ಬರೀ ಹೇಳಿಕೆ ಬರ್ಕೊಂಡು ಬೆಳಿಗ್ಗೆ ಮನೆಗೆ ಕಳಿಸಿದಾರಂತೆ. ಮನೆ ಮುಂದೆ ಜನ ಸೇರಿದಾರೆ. ಆಗಲೇ ಕಲ್ಲು ಬಿದ್ದಿದೆಯಂತೆ."

ಮೇಜಿನ ಮೇಲೆ ಫೋನು ಹೊಡೆದುಕೊಳ್ಳತೊಡಗಿತು. ವರದಿಗಾರ. ಗಂಡ ಅದನ್ನು ಮಗುಚಿ ಹಾಕಿ, ಹೆಂಡತಿಯನ್ನು ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ: "ತಲೆನೋವು ಅಂತ ಹೇಳಿ ಸುಮ್ಮನಿರು. ವಿಡಿಯೋ ಅಳಿಸು. ನೀನೇನು ಸುಳ್ಳು ತೋರಿಸ್ಲಿಲ್ಲ, ಕಂಡಿದ್ದು ತೋರಿಸ್ದೆ. ಅವಳ ಮಗು, ಅವಳೇ ಹೇಳ್ಕೊಳ್ಳಿ. ನಿನ್ನೆ ಅವನ ಮೇಲೆ ಬಿದ್ದ ಜನ ನಾಳೆ ನಿನ್ನ ಮೇಲೆ ಬೀಳ್ತಾರೆ. ನಾವು ಇಲ್ಲೇ ಬಾಳಬೇಕು."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಿಜವಾಗಿ ಭಯ ಹುಟ್ಟಿಸಿದ್ದೂ ಅದೇ. ಆಕೆ ಒಂದು ಲೋಟ ನೀರು ಕುಡಿದಳು.

"ಕಂಡಿದ್ದೇ ತೋರಿಸ್ದೆ ರೀ. ಪೂರ್ತಿ ಕಾಣೋ ತನಕ ನಿಲ್ಲಲಿಲ್ಲ" ಎಂದಳು. ಹೊರಗೆ ಬಂದು ಚಪ್ಪಲಿ ಮೆಟ್ಟಿ, ತಾಯಿಯನ್ನೂ ಕರೆದುಕೊಂಡು ಹೊರಟಳು. ಗಂಡ ತಡೆಯಲಿಲ್ಲ. ಜೊತೆಗೆ ಬರಲೂ ಇಲ್ಲ.

ಕೆಳಗೆ ಕ್ಯಾಮೆರಾ ಸಿದ್ಧವಾಗಿತ್ತು. ಆಕೆ ಹೇಳಿದ್ದನ್ನು ಕೇಳಿ ವರದಿಗಾರ ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. "ಅಕ್ಕ, ನಿನ್ನೆಯಿಂದ ನಲವತ್ತು ಸಲ ಓಡಿಸಿದೀವಿ. ಈಗ ಹೀಗಂದ್ರೆ ನಾನು ಕೆಲಸ ಕಳ್ಕೊಳ್ತೀನಿ. ನೋಡಿದ್ದಷ್ಟು ಹೇಳಿ, ಸಾಕು. ಉಳಿದಿದ್ದು ತನಿಖೆಯಲ್ಲಿ ಬರುತ್ತೆ."

"ನೋಡಿದ್ದಷ್ಟೇ ಹೇಳ್ತೀನಿ."

ಕೆಂಪು ದೀಪ ಹತ್ತಿತು. "ನಾನು ನೋಡಿದ್ದು ಹನ್ನೊಂದು ಸೆಕೆಂಡು. ಹನ್ನೆರಡನೇ ಸೆಕೆಂಡು ನೋಡ್ಲಿಲ್ಲ. ಆಮೇಲೆ ಮಗುವಿನ ಬಾಯಿಂದ ಪೆನ್ನಿನ ಮುಚ್ಚಳ ಬಿದ್ದಿದೆ. ಆ ಡ್ರೈವರು ಮಗುನ ಹೊಡೀಲಿಲ್ಲ, ಉಳಿಸಿದ್ರು. ಇಗೋ ಅದರ ತಾಯಿ ಇಲ್ಲೇ..." ವರದಿಗಾರ ಕಿವಿಯ ಮೇಲೆ ಕೈಯಿಟ್ಟುಕೊಂಡು ಏನನ್ನೋ ಆಲಿಸಿದ. ಕೆಂಪು ದೀಪ ಆರಿತು.

"ಟೀವಿಯಲ್ಲಿ ಎಷ್ಟು ಹೋಯ್ತು?" ಎಂದು ಕೇಳಿದಳು.

"ಹನ್ನೊಂದು ಸೆಕೆಂಡು ನೋಡಿದೆ ಅನ್ನೋ ತನಕ" ಎಂದ. ಆಕೆಯ ಮುಖ ನೋಡಲಾರದೆ ವೈರು ಸುತ್ತತೊಡಗಿದ.

ಇನ್ನು ಯಾರನ್ನು ಕೇಳುವುದು? ಇಬ್ಬರು ಹೆಂಗಸರೂ ನಡೆದೇ ಹೊರಟರು. ಡ್ರೈವರನ ಮನೆ ಮೂರು ಬೀದಿ ಆಚೆ, ಸೈಕಲ್ ಅಂಗಡಿಯ ಹಿಂದೆ. ಐವತ್ತು ಅರವತ್ತು ಜನರಿದ್ದರು. ಎಲ್ಲರ ಕೈಯಲ್ಲೂ ಫೋನು, ಎಲ್ಲವೂ ಮುಚ್ಚಿದ ಬಾಗಿಲಿನತ್ತ. ಮುಂದಿನ ಕಿಟಕಿಯ ಗಾಜು ಒಡೆದು ಅಂಗಳದಲ್ಲಿ ಬಿದ್ದಿತ್ತು. ತಾಯಿಯನ್ನು ಗುರುತು ಹಿಡಿದು ಜನ ದಾರಿ ಬಿಟ್ಟರು. "ನಿಮ್ಮ ಪರವಾಗೇ ಬಂದಿದೀವಿ ಮೇಡಂ" ಎಂದ ಒಬ್ಬ.

ಹೊಲಿಗೆಯಕ್ಕ ಮೆಟ್ಟಿಲ ಮೇಲೆ ನಿಂತಳು. ಮಹಡಿಯಿಂದ ಬಾರದ ದನಿ ಈಗ ಬಂತು. "ಆ ವಿಡಿಯೋ ತೆಗೆದವಳು ನಾನು. ನಾನು ಮಾಡಿದ್ದು ತಪ್ಪು." ನಡೆದದ್ದನ್ನೆಲ್ಲ ಹೇಳಿದಳು. ತಾಯಿ ಮುಚ್ಚಳವನ್ನು ಎತ್ತಿ ಹಿಡಿದು, ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಓದಿದಳು.

"ಯಾರು ಹೇಳಿಕೊಟ್ಟಿದ್ದು ಇದನ್ನ?" ಎಂದಿತು ಒಂದು ದನಿ. "ನಿನ್ನೆ ಹಾಗೆ, ಇವತ್ತು ಹೀಗೆ. ನಿಮ್ಮನ್ನ ನಂಬೋದು ಹೇಗೆ?"

"ನಿನ್ನೆ ನನ್ನನ್ನ ಯಾಕೆ ನಂಬಿದ್ರಿ?" ಎಂದಳು ಹೊಲಿಗೆಯಕ್ಕ. "ಒಬ್ಬರೂ ಬಂದು ಕೇಳ್ಲಿಲ್ಲವಲ್ಲ, ಆಮೇಲೆ ಏನಾಯ್ತು ಅಂತ."

ಯಾರೋ ಒರಟಾಗಿ ಬೈದರು. ಅದನ್ನೂ ಇನ್ನೊಬ್ಬರು ಫೋನಿನಲ್ಲಿ ಹಿಡಿದರು. ಆಕೆ ಕದಲಲಿಲ್ಲ. ಆದರೆ ಹಿಂದಿದ್ದ ಒಂದಿಬ್ಬರು ಫೋನನ್ನು ಜೇಬಿಗಿಳಿಸಿ ಸದ್ದಿಲ್ಲದೆ ಹೊರಟರು. ಅವರ ಹಿಂದೆ ಇನ್ನಷ್ಟು ಜನ. ಗುಂಪು ಪೂರ್ತಿ ಕರಗಲು ಬಹಳ ಹೊತ್ತು ಹಿಡಿಯಿತು.

ಬಾಗಿಲು ಸ್ವಲ್ಪವೇ ತೆರೆಯಿತು. ಡ್ರೈವರು ನಿಂತಿದ್ದ. ನಿನ್ನೆಯದೇ ಖಾಕಿ ಅಂಗಿ, ಎರಡು ಗುಂಡಿ ಕಿತ್ತು ಹೋಗಿದ್ದವು. ಅವನ ಭುಜದ ಹಿಂದೆ ಹೆಂಡತಿ. ಅವನು ತಾಯಿಯನ್ನು ನೋಡಿದ.

"ಪಾಪು ಏನಾದ್ರೂ ತಿಂತಾ? ಗಂಟಲು ನೋವು ಅಂತಿದೆಯಾ? ಡಾಕ್ಟರಿಗೆ ತೋರಿಸಿ ಅಂತ ಹೇಳೋಕೇ ಅಷ್ಟು ಸಲ ಫೋನ್ ಮಾಡಿದ್ದು ಮೇಡಂ."

ತಾಯಿ ಅವನ ಎರಡೂ ಕೈಗಳನ್ನು ಹಿಡಿದು ಹಣೆಗೊತ್ತಿಕೊಂಡಳು.

ಹೊಲಿಗೆಯಕ್ಕನನ್ನು ಯಾರೂ ಒಳಗೆ ಕರೆಯಲಿಲ್ಲ. ಡ್ರೈವರನ ಹೆಂಡತಿ ಆಕೆಯನ್ನು ದಿಟ್ಟಿಸಿ ನೋಡಿ ಮುಖ ತಿರುಗಿಸಿಕೊಂಡಳು. ಕರೆಯುತ್ತಾರೆಂದು ಆಕೆ ಕಾಯಲೂ ಇಲ್ಲ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಬೊಗಸೆಗೆ ಹಾಕಿಕೊಳ್ಳತೊಡಗಿದಳು. ಬಿಸಿಲು ಏರುತ್ತಿತ್ತು. ಬೀದಿಯಲ್ಲಿ ಹೋಗುವವರು ನಿಂತು ನೋಡಿ ಮುಂದೆ ಹೋಗುತ್ತಿದ್ದರು.

ಸ್ವಲ್ಪ ಹೊತ್ತಿಗೆ ಎದುರಿಗೆ ಒಂದು ಪೊರಕೆ ಬಂದು ಬಿತ್ತು. ತಲೆಯೆತ್ತಿದರೆ ಡ್ರೈವರನ ಹೆಂಡತಿ.

"ಕೈ ಕೊಯ್ಕೋತೀರ" ಎಂದಳು, ಬಿಗಿದ ದನಿಯಲ್ಲೇ. "ಆ ಹೊಸ್ತಿಲ ಸಂದಿಯಲ್ಲೂ ಇದೆ. ಮಕ್ಕಳು ಓಡಾಡೋ ಜಾಗ, ಸರಿಯಾಗಿ ಗುಡಿಸಿ."