ಮುಚ್ಚಿದ ಬಿಲ

ಇಪ್ಪತ್ತಮೂರು ದಿನವಾಗಿತ್ತು. ಬಿಲದ ಬಾಯಿ ತೆರೆದಿರಲಿಲ್ಲ.

ಶನಿವಾರ ಬೆಳಿಗ್ಗೆ ವಿಲಾವನ್ ಗಾಜಿನ ತೊಟ್ಟಿಯ ಮುಂದೆ ಮತ್ತೆ ಮಂಡಿಯೂರಿದಳು. ತೊಟ್ಟಿಯಲ್ಲಿ ಗೇಣೆತ್ತರ ಮಣ್ಣು, ಅದರ ಆಳದಲ್ಲೆಲ್ಲೋ ಅಂಗೈಯಗಲದ ಕಪ್ಪು ಜೇಡ. ಇಲ್ಲಿಯವರು ಅದನ್ನು ಬುಂಗ್ ಎನ್ನುತ್ತಾರೆ, ಹುರಿದು ತಿನ್ನುತ್ತಾರೆ. ಸಂತೆಯಲ್ಲಿ ಕಾದ ಬಾಣಲೆಯ ಪಕ್ಕದ ಬುಟ್ಟಿಯಿಂದ ಅದೊಂದನ್ನು ಅವಳು ಜೀವಂತ ಕೊಂಡು ತಂದಿದ್ದಳು. ಎಣ್ಣೆಯಿಂದ ಉಳಿಸಿ ಮಣ್ಣಿನಲ್ಲಿ ಕೊಂದೆನೇ ಎಂಬ ಯೋಚನೆ ಈಗ ಉಣ್ಣುವಾಗಲೂ ಬಿಡುತ್ತಿರಲಿಲ್ಲ.

ಜೇಡ ಬಿಲದ ಬಾಯಿಗೆ ಒಳಗಿನಿಂದಲೇ ಮಣ್ಣು, ನೂಲು ಸೇರಿಸಿ ಬಿರಡೆ ಹಾಕಿಕೊಂಡಿತ್ತು. ಅದಕ್ಕೆ ತಿನ್ನಲೆಂದು ಹಾಕಿದ ಮಿಡತೆ ಮೂರು ದಿನ ಅದರ ಮೇಲೆಯೇ ಕುಣಿದಾಡಿತ್ತು. ಇವತ್ತು ಏನೋ ಕೊಳೆತ ವಾಸನೆ ಬಂದಂತಾಯಿತು. ಜೇಡದ್ದೋ, ಅತ್ತೆಯ ಉಪ್ಪುಮೀನಿನ ಜಾಡಿಯದ್ದೋ?

"ಜೇಡಮ್ಮ ಇವತ್ತೂ ಮುಖ ತೋರಿಸಲಿಲ್ವಾ?" ಅಂಟಕ್ಕಿ ಬೇಯಿಸುತ್ತಿದ್ದ ಅತ್ತೆ ಬುಂಲೋಮ್ ಹಿತ್ತಲಿಂದಲೇ ಕೂಗಿದಳು. "ನನ್ನ ಮಗ ಜ್ವರದಲ್ಲಿ ಮಲಗಿದ್ದಾಗ ಇಷ್ಟು ಸಲ ಹಣೆ ಮುಟ್ಟಿ ನೋಡಿದ್ಯಾ?"

ವಿಲಾವನ್ ಎದ್ದಳು. ಚಮಚ ತಂದು ಬಿರಡೆಯ ಪಕ್ಕದಲ್ಲಿ ಮಣ್ಣು ಕೆದಕತೊಡಗಿದಳು. ಒಂದು ಚಮಚ, ಇನ್ನೊಂದು. ನೋಡಿಬಿಟ್ಟರೆ ಸಾಕು, ಸತ್ತಿದ್ದರೂ ಸರಿ, ಗೊತ್ತಾದರೆ ಸಾಕು. ಏಳನೆಯ ಚಮಚಕ್ಕೆ ಮಣ್ಣಲ್ಲದ ಏನೋ ತಗುಲಿತು. ಅವಳು ಚಮಚವನ್ನು ಅಲ್ಲೇ ನಿಲ್ಲಿಸಿದಳು.

"ಅಯ್ಯೋ, ತೆಗೀ ಚಮಚನ!" ಬಾಗಿಲಲ್ಲಿ ಅತ್ತೆ. "ಬಾಯಿ ಮುಚ್ಚಿರೋ ಬಿಲ ಯಾರಾದ್ರೂ ಅಗೀತಾರೇನೆ?"

"ಸತ್ತಿದೆಯೋ ಏನೋ ಅಂತ..."

"ಸತ್ತದ್ದು ಬಾಗಿಲು ಹಾಕ್ಕೊಳ್ಳುತ್ತಾ? ಸುಗ್ಗಿ ಮುಗಿದ ಮೇಲೆ ಗದ್ದೆ ಬದುವಿನಲ್ಲಿ ಎಷ್ಟು ಬುಂಗ್ ಅಗೆದಿದ್ದೀನಿ ನಾನು! ಮುಚ್ಚಿದ ಬಿಲಕ್ಕೆ ಮಾತ್ರ ಗುದ್ದಲಿ ಮುಟ್ಟಿಸ್ತಿರಲಿಲ್ಲ. ಒಳಗೆ ಪೊರೆ ಬಿಡೋಕೆ ಕೂತಿರುತ್ತೆ. ಆಗ ಮೈ ಬೆಂದ ಅನ್ನದ ಹಾಗೆ ಮೆತ್ತಗೆ. ತಿಂದ್ರೆ ರುಚಿಯಿಲ್ಲ, ಮುಟ್ಟಿದ್ರೆ ಉಳಿಯಲ್ಲ."

"ಮೊದಲೇ ಯಾಕೆ ಹೇಳಲಿಲ್ಲ ಅತ್ತೆ?"

"ತಂದ ದಿನವೇ ಅಂದ್ಯಲ್ಲ, 'ಇದರ ಸುದ್ದಿ ನೀವು ಎತ್ತಬೇಡಿ' ಅಂತ. ತಿನ್ನೋರ ಮಾತು ಸಾಕೋರಿಗೆ ಯಾಕೆ ಅಂತ ಸುಮ್ಮನಿದ್ದೆ."

ವಿಲಾವನ್‌ಗೆ ಆ ಮಾತು ನೆನಪಿತ್ತು. ಅಗೆದ ಮಣ್ಣನ್ನು ಮತ್ತೆ ಸುರಿದಳು. ಮೆಲ್ಲಗೆ ಒತ್ತಬೇಕೋ, ಹಾಗೇ ಬಿಡಬೇಕೋ ತಿಳಿಯದೆ ಅತ್ತೆಯ ಮುಖ ನೋಡಿದಳು. "ಬಿಡು, ಒತ್ತಬೇಡ," ಎಂದಳು ಮುದುಕಿ.

ಅಲ್ಲಿಂದ ಹತ್ತೊಂಬತ್ತು ದಿನ ಅವಳು ತೊಟ್ಟಿ ಮುಟ್ಟಲಿಲ್ಲ. ಚಮಚಕ್ಕೆ ತಗುಲಿದ್ದು ಬೇರು ಎಂದು ಹಗಲಲ್ಲಿ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಆದರೆ ಆ ಮಣ್ಣನ್ನು ಜರಡಿ ಹಿಡಿದು ಹಾಕಿದ್ದವಳು ತಾನೇ. ಅದರಲ್ಲಿ ಬೇರು ಎಲ್ಲಿಂದ ಬರಬೇಕು?

ಇಪ್ಪತ್ತನೆಯ ಬೆಳಿಗ್ಗೆ ಬಿರಡೆ ಒಡೆದಿತ್ತು. ಬಾಯಿಯ ಹೊರಗೆ ಸುಕ್ಕಾದ ಕಪ್ಪು ಮುದ್ದೆ.

"ಅತ್ತೆ! ಹೋಯ್ತು ಅತ್ತೆ, ಹೋಯ್ತು!"

ಬುಂಲೋಮ್ ಬಂದು ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಒಳಗೆ ಟೊಳ್ಳು. "ಹಳೇ ಅಂಗಿ ಕಣೆ, ಒಗೆಯೋಕೆ ಹಾಕಿದೆ," ಎಂದು ನಕ್ಕಳು.

ಆಗಲೇ ಬಿಲದೊಳಗಿಂದ ಒಂದು ಕಾಲು ಹೊರಬಂತು, ಹೊಸ ರೇಷ್ಮೆಯಂತೆ ಮಿರುಗುತ್ತ. ಇನ್ನೊಂದು. ವಿಲಾವನ್ ಎಣಿಸಿದಳು. ಜೇಡ ಪೂರ್ತಿ ಹೊರಗೆ ಬಂದಾಗ ಮತ್ತೆ ಎಣಿಸಿದಳು. ಏಳೇ. ಎಡಕ್ಕೆ, ಎರಡನೆಯದಿರಬೇಕಾದ ಕಡೆ, ಬರೀ ಒಂದು ಗಂಟು.

ಅತ್ತೆಯೂ ನೋಡಿದಳು. ಈ ಸಲ ಹಂಗಿಸಲಿಲ್ಲ. "ಮುಂದಿನ ಪೊರೆಗೆ ಮತ್ತೆ ಚಿಗುರುತ್ತೆ. ಮೊದಲು ಸಣ್ಣದಾಗಿ."

"ಅದು ಯಾವಾಗ?"

"ಅದು ಬಾಗಿಲು ಹಾಕ್ಕೊಂಡಾಗ."

ಮತ್ತೆ ಬಾಗಿಲು, ಮತ್ತೆ ಆ ದಿನಗಳು. ವಿಲಾವನ್ ಒಳಗೆ ಹೋಗಿ ಆ ಚಮಚವನ್ನು ತಂದು ಅತ್ತೆಯ ಕೈಗೆ ಕೊಟ್ಟಳು.

"ಇದು ನಿಮ್ಮ ಹತ್ರಾನೇ ಇರಲಿ. ನಾನು ಕೇಳಿದ್ರೂ ಕೊಡಬೇಡಿ."